ಗಾಲ್ಫ್‌ನಲ್ಲಿ ಕೆಟ್ಟ ರೌಂಡ್ ಮುಗಿದ ಮೇಲೆ ಏನು ಮಾಡಬೇಕು, ಏನು ಮಾಡಬಾರದು

ಬೇರೆ ಆಟಗಳಲ್ಲಿ ಸೋತವನಿಗೆ ದೂರಲು ಯಾರಾದರೂ ಸಿಗುತ್ತಾರೆ. ಎದುರಾಳಿ ಚೆನ್ನಾಗಿ ಆಡಿದ ಎನ್ನಬಹುದು, ಅಂಪೈರ್ ಸರಿ ಇರಲಿಲ್ಲ ಎನ್ನಬಹುದು. ಗಾಲ್ಫ್‌ನಲ್ಲಿ ಚೆಂಡು ಅಲುಗಾಡದೆ ಬಿದ್ದಿರುತ್ತದೆ, ಹೊಡೆಯುವವರು ನೀವೊಬ್ಬರೇ. ಕ್ಲಬ್‌ (ಹೊಡೆಯುವ ಕೋಲು) ಚೆಂಡಿಗೆ ತಾಗಿರುವ ಕ್ಷಣಗಳನ್ನೆಲ್ಲ ಕೂಡಿಸಿದರೂ ಹದಿನೆಂಟು ಹೋಲ್‌ಗಳ (ಚೆಂಡು ಹಾಕಬೇಕಾದ ಕುಳಿಗಳ) ಇಡೀ ರೌಂಡ್‌ಗೆ ಒಂದು ಸೆಕೆಂಡ್ ಆಗುವುದಿಲ್ಲ. ಉಳಿದ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ನಡೆಯುವುದು, ಕಾಯುವುದು, ಹೋದ ಹೊಡೆತವನ್ನು ಮೆಲುಕು ಹಾಕುವುದು. ಸಿಟ್ಟು ಬೆಳೆಯುವುದಕ್ಕೆ ಇಷ್ಟು ಪುರುಸೊತ್ತು ಕೊಡುವ ಆಟ ಇನ್ನೊಂದಿಲ್ಲ.

ಇಂಥ ಹತಾಶೆಗೆ ‘ಹೋಗಲಿ ಬಿಡು, ಆಟ ಅಷ್ಟೇ’ ಎಂಬ ಸಮಾಧಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಷ್ಟು ಹೊಡೆತ, ಎಲ್ಲಿ, ಯಾಕೆ ಹೋಯಿತು ಎಂಬ ಲೆಕ್ಕ ಸಿಕ್ಕರೆ ಮಾತ್ರ ಮನಸ್ಸು ಹಿಡಿತ ಸಡಿಲಿಸುತ್ತದೆ. ಆದರೆ ಮೈ ಬಿಸಿಯಾಗಿರುವಾಗ ಲೆಕ್ಕಕ್ಕೆ ಕೂತರೆ ಅದು ಲೆಕ್ಕವಾಗುವುದಿಲ್ಲ, ಬೈಗುಳವಾಗುತ್ತದೆ. ಹಾಗಾಗಿ ಕೆಳಗಿನ ಕ್ರಮ ಮುಖ್ಯ: ಮೊದಲು ಮೈ, ಆಮೇಲೆ ಸ್ಕೋರ್ ಬರೆದ ಕಾರ್ಡ್, ಕೊನೆಗೆ ಅಭ್ಯಾಸ.

1. ಹದಿನೆಂಟನೇ ಗ್ರೀನ್‌ನಿಂದ ಕಾರ್ಡ್ ಕೊಡುವವರೆಗೆ

ಗ್ರೀನ್‌ನಲ್ಲಿ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ, ಕೊನೆಯ ಪಟ್ (ಚೆಂಡು ಉರುಳಿಸುವ ಹೊಡೆತ) ಬಿದ್ದ ಮೇಲೆ ಟೋಪಿ ತೆಗೆಯಿರಿ, ಜೊತೆಗೆ ಆಡಿದವರ ಕಣ್ಣು ನೋಡಿ ಕೈ ಕುಲುಕಿ. ರೌಂಡ್‌ನ ನಡುವೆ ಕೂಗಾಡಿದ್ದರೆ, ಮುಖ ಗಂಟು ಹಾಕಿಕೊಂಡು ಯಾರಿಗೂ ಮಾತು ಕೊಡದೆ ನಡೆದಿದ್ದರೆ, ಇಲ್ಲೇ ಒಂದು ವಾಕ್ಯದಲ್ಲಿ ಕ್ಷಮೆ ಕೇಳಿ ಮುಗಿಸಿ. ಒಂದೇ ವಾಕ್ಯ ಸಾಕು. ಹತ್ತು ನಿಮಿಷ ವಿವರಣೆ ಕೊಟ್ಟರೆ ನಿಮ್ಮ ಕೆಟ್ಟ ರೌಂಡನ್ನು ಅವರು ಎರಡನೇ ಸಲ ಸಹಿಸಿಕೊಂಡ ಹಾಗಾಗುತ್ತದೆ.

ಸ್ಪರ್ಧೆಯಾಗಿದ್ದರೆ ಮುಂದಿನ ಐದು ನಿಮಿಷ ಎಚ್ಚರ ಬೇಕು. ಬೇಸರದಲ್ಲಿರುವವರು ಕಾರ್ಡನ್ನು ಸರಿಯಾಗಿ ನೋಡದೆ ಸಹಿ ಹಾಕುತ್ತಾರೆ. ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ ಆಟ) ನಿಯಮದ ಪ್ರಕಾರ ಯಾವುದೇ ಹೋಲ್‌ಗೆ ನಿಜಕ್ಕಿಂತ ಹೆಚ್ಚು ಬರೆದು ಕಾರ್ಡ್ ಒಪ್ಪಿಸಿದರೆ ಆ ಹೆಚ್ಚಿನ ಸ್ಕೋರೇ ಉಳಿಯುತ್ತದೆ. ಕಡಿಮೆ ಬರೆದಿದ್ದರೆ ಸಾಮಾನ್ಯವಾಗಿ ಅನರ್ಹತೆ. 1968ರ ಮಾಸ್ಟರ್ಸ್ ಟೂರ್ನಿಯಲ್ಲಿ ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ ಕೊನೆಯ ಹೋಲ್‌ನಲ್ಲಿ ಬೋಗಿ (ಪಾರ್, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ ಒಂದು ಹೆಚ್ಚು) ಹೊಡೆದು ಬಂದು ಕಾರ್ಡ್‌ಗೆ ಸಹಿ ಹಾಕಿದರು. 17ನೇ ಹೋಲ್‌ನಲ್ಲಿ ಅವರು ಹೊಡೆದದ್ದು 3, ಕಾರ್ಡ್‌ನಲ್ಲಿದ್ದದ್ದು 4. ಅದರಿಂದಾಗಿ 65 ಇದ್ದದ್ದು 66 ಆಯಿತು, ಪ್ಲೇಆಫ್ (ಸಮ ಬಂದವರ ನಡುವಿನ ನಿರ್ಣಾಯಕ ಆಟ) ಕೈತಪ್ಪಿತು, ಬಾಬ್ ಗೋಲ್ಬಿ ಗೆದ್ದರು. ಕಾರ್ಡ್ ಹಿಡಿದು ಒಂದೊಂದೇ ಹೋಲ್ ಓದಿ, ಮಾರ್ಕರ್ (ನಿಮ್ಮ ಸ್ಕೋರ್ ಬರೆದವರು) ಜೊತೆ ಬಾಯಿಬಿಟ್ಟು ಹೇಳಿ ತಾಳೆ ನೋಡಿ. ಇದರಿಂದ ಇನ್ನೊಂದು ಲಾಭವೂ ಇದೆ: ಉಸಿರು ತಾನಾಗಿ ನಿಧಾನವಾಗುತ್ತದೆ.

2. ಮೊದಲು ನೀರು, ಆಹಾರ

ಕೋರ್ಸ್ ನಡೆದೇ ಮುಗಿಸಿದರೆ 8ರಿಂದ 10 ಕಿಲೋಮೀಟರ್ ಆಗುತ್ತದೆ, ಅದೂ ಬ್ಯಾಗ್ ಹೊತ್ತು ಅಥವಾ ತಳ್ಳಿಕೊಂಡು. ಬಹಳ ಮಂದಿ ಕೆಟ್ಟದಾಗಿ ಆಡುವಾಗ ನೀರು ಕುಡಿಯುವುದನ್ನೂ ಮರೆಯುತ್ತಾರೆ. ಕೊನೆಯ ಐದಾರು ಹೋಲ್‌ಗಳ ಸಿಡಿಮಿಡಿಯಲ್ಲಿ ಒಂದು ಪಾಲು ಹಸಿವಿನದು, ಒಂದು ಪಾಲು ಬಾಯಾರಿಕೆಯದು. ಹಾಗಾಗಿ ಅರ್ಧ ಲೀಟರ್ ನೀರನ್ನು ನಿಧಾನವಾಗಿ ಕುಡಿಯಿರಿ, ಏನಾದರೂ ತಿನ್ನಿ. ಮದ್ಯವನ್ನು ಆ ಮೊದಲ ಗಂಟೆಯಲ್ಲಿ ದೂರ ಇಡುವುದು ಒಳ್ಳೆಯದು. ಅದು ದಣಿವು ಮರೆಸಿದ ಹಾಗೆ ಮಾಡಿ ಮಾತಿನ ಕಡಿವಾಣ ತೆಗೆಯುತ್ತದೆ, ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ.

ಆಮೇಲೆ ಐದು ನಿಮಿಷ ಒಂದು ಕಡೆ ಕುಳಿತು ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಹಲ್ಲು ಕಚ್ಚಿದ್ದೀರಾ, ಭುಜ ಕಿವಿಯ ಹತ್ತಿರಕ್ಕೆ ಏರಿದೆಯಾ ನೋಡಿ, ಸಡಿಲಬಿಡಿ. ಮನೆಗೆ ಗಾಡಿ ಓಡಿಸಬೇಕಾದವರು ಇದನ್ನು ತಪ್ಪಿಸಬಾರದು.

3. ಆ ದಿನ ಮಾಡಬಾರದ ಕೆಲಸಗಳು

ಎಲ್ಲಕ್ಕಿಂತ ದೊಡ್ಡ ತಪ್ಪು, ರೌಂಡ್ ಮುಗಿದ ಕೂಡಲೇ ಡ್ರೈವಿಂಗ್ ರೇಂಜ್‌ಗೆ (ಹೊಡೆತ ಅಭ್ಯಾಸ ಮಾಡುವ ಬಯಲಿಗೆ) ಹೋಗುವುದು. ಟೂರ್ ಆಟಗಾರರು ಹೋಗುತ್ತಾರಲ್ಲ ಎಂದರೆ, ಅವರ ಪಕ್ಕದಲ್ಲಿ ಕೋಚ್ ನಿಂತಿರುತ್ತಾರೆ, ಏನನ್ನು ನೋಡಬೇಕು ಎಂದು ಗೊತ್ತಿರುತ್ತದೆ. ಹವ್ಯಾಸಿ ಆಟಗಾರ ದಣಿದ ಕಾಲಲ್ಲಿ, ಬಿಗಿದ ಮುಷ್ಟಿಯಲ್ಲಿ ನೂರು ಚೆಂಡು ಹೊಡೆದರೆ ಆಗುವುದು ಹೀಗೆ: ಮೊದಲ ಹತ್ತು ಬಲಕ್ಕೆ ಹೋಗುತ್ತವೆ, ಗ್ರಿಪ್ ತಿರುಗಿಸುತ್ತಾರೆ, ಮುಂದಿನ ಹತ್ತು ಎಡಕ್ಕೆ ಹೋಗುತ್ತವೆ, ನಿಲುವು ಬದಲಿಸುತ್ತಾರೆ, ಅರವತ್ತನೇ ಚೆಂಡಿನ ಹೊತ್ತಿಗೆ ಬೆಳಿಗ್ಗೆ ಇದ್ದ ಸ್ವಿಂಗ್ ಯಾವುದು ಎನ್ನುವುದೇ ಮರೆತುಹೋಗಿರುತ್ತದೆ. ಒಂದು ಕೆಟ್ಟ ರೌಂಡ್ ಹೀಗೆ ಮೂರು ಕೆಟ್ಟ ವಾರಗಳಾಗುತ್ತದೆ. ಒಂದು ರಾತ್ರಿ ಕಳೆಯುವವರೆಗೆ ಕ್ಲಬ್‌ಗಳು ಬ್ಯಾಗ್‌ನಲ್ಲೇ ಇರಲಿ.

ಎರಡನೆಯದು ಹೊಸ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಹುಡುಕುವುದು. ಸಲಕರಣೆ ಬದಲಿಸಬಾರದೆಂದಲ್ಲ, ಆ ಸಂಜೆ ಬೇಡ. ಮೂರನೆಯದು ಸ್ವಿಂಗ್ ಪಾಠದ ವಿಡಿಯೊಗಳು. ಒಂದರಲ್ಲಿ ಎಡಗೈ ನೆಟ್ಟಗಿರಲಿ ಎಂದರೆ ಇನ್ನೊಂದರಲ್ಲಿ ಕೈಯನ್ನೇ ಮರೆತುಬಿಡಿ ಎನ್ನುತ್ತಾರೆ. ಇಬ್ಬರೂ ಅವರವರ ಮಟ್ಟಿಗೆ ಸರಿ ಇರಬಹುದು, ನಿಮ್ಮ ಸ್ವಿಂಗನ್ನು ಇಬ್ಬರೂ ನೋಡಿಲ್ಲ.

ಇನ್ನು ಕ್ಲಬ್ ಎಸೆಯುವುದು, ನೆಲಕ್ಕೆ ಬಡಿಯುವುದು. ನಿಯಮದಲ್ಲೇ ಇದಕ್ಕೆ ಬೆಲೆ ಇದೆ. ರೌಂಡ್ ನಡುವೆ ಆಕಸ್ಮಿಕವಾಗಿ ಹಾಳಾದ ಕ್ಲಬ್ಬನ್ನು ಬದಲಿಸಿಕೊಳ್ಳಲು ಅವಕಾಶವಿದೆ, ಸಿಟ್ಟಿನಲ್ಲಿ ಹಾಳು ಮಾಡಿದ್ದನ್ನು ಬದಲಿಸುವಂತಿಲ್ಲ. ಇದ್ದ ಹಾಗೆ ಬಳಸಬೇಕು ಅಥವಾ ಬಿಡಬೇಕು. 1987ರ ರೈಡರ್ ಕಪ್‌ನಲ್ಲಿ (ಅಮೆರಿಕ, ಯುರೋಪ್ ತಂಡಗಳ ಸ್ಪರ್ಧೆ) ಬೆನ್ ಕ್ರೆನ್‌ಶಾ ಸಿಟ್ಟಿನಲ್ಲಿ ಪಟರ್ (ಪಟ್ ಮಾಡುವ ಕ್ಲಬ್) ಮುರಿದುಕೊಂಡು ಉಳಿದ ಹೋಲ್‌ಗಳಲ್ಲಿ ಒನ್ ಐರನ್, ಸ್ಯಾಂಡ್ ವೆಜ್‌ಗಳಿಂದ ಪಟ್ ಮಾಡಬೇಕಾಯಿತು. ಏಮನ್ ಡಾರ್ಸಿ ಎದುರು ಆ ಪಂದ್ಯ ಒಂದು ಹೋಲ್‌ನಿಂದ ಹೋಯಿತು. ಆಟಕ್ಕಿಂತ ದೊಡ್ಡ ಅಪಾಯ ಗ್ರಾಫೈಟ್ ಶಾಫ್ಟ್‌ನದು. ಬಡಿದಾಗ ಒಳಗಿನ ಎಳೆ ಸೀಳಿದ್ದು ಹೊರಗೆ ಕಾಣದೆ, ಎಷ್ಟೋ ದಿನದ ನಂತರ ಪೂರ್ತಿ ಸ್ವಿಂಗ್‌ನಲ್ಲಿ ತುಂಡಾಗಿ ಕ್ಲಬ್‌ಹೆಡ್ ಹಾರಿಹೋಗಬಹುದು. ಬಡಿದದ್ದು ನಿಜವಾದರೆ ಮುಂದಿನ ಸಲ ಆಡುವ ಮೊದಲು ಶಾಫ್ಟನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ, ಬೆರಳ ಉಗುರಿನಿಂದ ಉದ್ದಕ್ಕೂ ಸವರಿ. ಗೆರೆ ಸಿಕ್ಕರೆ ಬಳಸಬೇಡಿ.

ಗೊಣಗುವುದಕ್ಕೆ ಮಾತ್ರ ನಿಷೇಧ ಬೇಡ. ಅದಕ್ಕೊಂದು ಅವಧಿ ಇಟ್ಟುಕೊಳ್ಳಿ: ಹತ್ತು ನಿಮಿಷ, ಕೇಳಲು ಒಪ್ಪಿದ ಒಬ್ಬರ ಮುಂದೆ. ಹದಿನೆಂಟೂ ಹೋಲ್‌ನ ಕಥೆ ಹೇಳಬೇಡಿ, ನಿಜವಾಗಿ ಕಾಡುತ್ತಿರುವ ಎರಡು ಹೊಡೆತ ಹೇಳಿ.

4. ಮರುದಿನ ಕಾರ್ಡ್ ಬಿಡಿಸಿ ನೋಡುವುದು

ಈ ಮಾರ್ಗದರ್ಶಿಯ ಜೀವಾಳ ಇದು. ಒಂದು ಹಾಳೆ, ಒಂದು ಪೆನ್ನು, ನಿನ್ನೆಯ ಕಾರ್ಡ್, ಅರ್ಧ ಗಂಟೆ ಸಾಕು. ಮೊದಲು ನಿಮ್ಮ ಮಾಮೂಲಿ ಸ್ಕೋರ್‌ಗಿಂತ ಎಷ್ಟು ಹೆಚ್ಚಾಯಿತು ಎಂದು ಬರೆಯಿರಿ. ನಂತರ ಮಾಮೂಲಿಗಿಂತ ಎರಡು ಅಥವಾ ಹೆಚ್ಚು ಹೊಡೆತ ಹೋದ ಹೋಲ್‌ಗಳಿಗೆ ಮಾತ್ರ ಸುತ್ತು ಹಾಕಿ.

ಒಂದು ಉದಾಹರಣೆ ನೋಡೋಣ. ಪಾರ್ 72 ಕೋರ್ಸ್, ಆಟಗಾರನ ಕೋರ್ಸ್ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೆಚ್ಚುವರಿ ಹೊಡೆತ) 18, ಅಂದರೆ ಪ್ರತಿ ಹೋಲ್‌ಗೂ ಒಂದು ಬೋಗಿಯ ಲೆಕ್ಕದಲ್ಲಿ 90. ನಿನ್ನೆ ಹೊಡೆದದ್ದು 101. ತಲೆಯಲ್ಲಿ ಕೂತಿರುವುದು ‘ಇಡೀ ಆಟವೇ ಹಾಳಾಯಿತು’ ಎಂಬುದು. ಕಾರ್ಡ್ ಹೇಳುವುದು ಬೇರೆ:

ನಾಲ್ಕನೇ ಹೋಲ್, ಪಾರ್ 4: ಮೊದಲ ಡ್ರೈವ್ ಔಟ್ ಆಫ್ ಬೌಂಡ್ಸ್ (ಕೋರ್ಸ್‌ನ ಗಡಿಯಾಚೆ). ದಂಡ ಸೇರಿ ಟೀಯಿಂದ (ಹೋಲ್ ಶುರುವಾಗುವ ಜಾಗದಿಂದ) ಮತ್ತೆ ಮೂರನೆಯದು, ನಾಲ್ಕನೆಯದು ಗ್ರೀನ್‌ಗೆ ಮುಂಚೆಯೇ ನಿಂತಿತು, ಐದನೆಯದು ಚಿಪ್ (ಗ್ರೀನ್ ಹತ್ತಿರದ ಚಿಕ್ಕ ಹೊಡೆತ), ಮೂರು ಪಟ್. ಒಟ್ಟು 8.

ಹನ್ನೊಂದನೇ ಹೋಲ್, ಪಾರ್ 3: ಟೀಯಿಂದ ಬಂಕರ್‌ಗೆ. ಎರಡು ಸಲ ಮರಳಲ್ಲೇ ಉಳಿಯಿತು, ಮೂರನೇ ಯತ್ನದಲ್ಲಿ ಹೊರಬಂತು, ಮತ್ತೆ ಮೂರು ಪಟ್. ಒಟ್ಟು 7.

ಹದಿನಾರನೇ ಹೋಲ್, ಪಾರ್ 5: ಒಳ್ಳೆಯ ಡ್ರೈವ್. ಎರಡನೇ ಹೊಡೆತಕ್ಕೆ ತ್ರೀ ವುಡ್ (ದೂರದ ಹೊಡೆತದ ಕ್ಲಬ್) ತೆಗೆದು ನೀರು ದಾಟಿಸಲು ನೋಡಿದರು, ಚೆಂಡು ನೀರಿಗೆ. ಒಂದು ದಂಡದೊಂದಿಗೆ ಡ್ರಾಪ್ ಮಾಡಿ (ಚೆಂಡನ್ನು ಕೈಯಿಂದ ಬಿಟ್ಟು) ಮತ್ತೆ ಅದೇ ತ್ರೀ ವುಡ್, ಮತ್ತೆ ನೀರಿಗೆ, ಮತ್ತೆ ದಂಡ. ಆಮೇಲೆ ಐರನ್‌ನಿಂದ ದಾಟಿಸಿ, ಗ್ರೀನ್‌ಗೆ ಹೊಡೆದು, ಎರಡು ಪಟ್. ಒಟ್ಟು 9.

ಈ ಮೂರು ಹೋಲ್‌ಗಳಲ್ಲಿ ಬೋಗಿಗಿಂತ ಮೂರು ಮೂರರಂತೆ ಒಂಬತ್ತು ಹೊಡೆತ ಹೆಚ್ಚು. ಉಳಿದ ಹದಿನೈದು ಹೋಲ್‌ಗಳಲ್ಲಿ 77, ಬೋಗಿ ಲೆಕ್ಕದ 75ಕ್ಕಿಂತ ಎರಡೇ ಹೆಚ್ಚು. ಅಂದರೆ ರೌಂಡ್‌ನ ಬಹುಪಾಲು ಆಟಗಾರ ತನ್ನ ಮಟ್ಟದಲ್ಲೇ ಆಡಿದ್ದಾನೆ. ಬಹುತೇಕ ಕೆಟ್ಟ ಕಾರ್ಡ್‌ಗಳು ಬಿಡಿಸಿದಾಗ ಹೀಗೇ ಕಾಣುತ್ತವೆ.

ಈಗ ಮೂರು ಹೋಲ್‌ಗಳ ನಷ್ಟವನ್ನು ಕಾರಣದ ಪ್ರಕಾರ ಬೇರೆ ಮಾಡಿ. ಔಟ್ ಆಫ್ ಬೌಂಡ್ಸ್ 2, ಬಂಕರ್‌ನಲ್ಲಿ ಉಳಿದವು 2, ಮೂರು ಪಟ್‌ಗಳಿಂದ 2, ನೀರಿಗೆ 4. ಕೂಡಿದರೆ 10, ಹದಿನಾರರಲ್ಲಿ ಮಿಕ್ಕ ಹೊಡೆತಗಳು ಬೋಗಿಗಿಂತ ಚೆನ್ನಾಗಿದ್ದರಿಂದ ಒಂದು ವಾಪಸ್ ಬಂದು 9 ಆಗಿದೆ.

ಕೊನೆಯ ಹೆಜ್ಜೆ: ಪ್ರತಿ ನಷ್ಟದ ಮುಂದೆ ‘ಕೈ’, ‘ತಲೆ’, ‘ಅದೃಷ್ಟ’ ಇವುಗಳಲ್ಲಿ ಒಂದನ್ನು ಬರೆಯಿರಿ. ತೀರ್ಮಾನಿಸಲು ಒಂದು ಪ್ರಶ್ನೆ ಇದೆ: ಅದೇ ಜಾಗದಿಂದ ಅದೇ ಕ್ಲಬ್‌ನಲ್ಲಿ ಹತ್ತು ಸಲ ಹೊಡೆದರೆ ಎಷ್ಟು ಸಲ ಸರಿ ಹೋಗುತ್ತಿತ್ತು? ಏಳೆಂಟು ಸಲ ಸರಿ ಹೋಗುತ್ತಿದ್ದ ಹೊಡೆತ ತಪ್ಪಿದರೆ ಅದು ಕೈ. ಎರಡೇ ಸಲ ಸರಿ ಹೋಗುವಂಥದ್ದನ್ನು ಆಯ್ದುಕೊಂಡಿದ್ದರೆ ಅದು ತಲೆ. ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ) ನಡುವೆ ಬಿದ್ದ ಚೆಂಡು ಹಳೆಯ ಡಿವೋಟ್‌ನಲ್ಲಿ (ಕ್ಲಬ್ ಹುಲ್ಲು ಕಿತ್ತ ಗುಂಡಿಯಲ್ಲಿ) ಕೂತರೆ, ಪಟ್ ಕುಳಿಯ ಅಂಚು ಸುತ್ತಿ ಹೊರಬಂದರೆ ಅದೃಷ್ಟ. ಹದಿನಾರನೇ ಹೋಲ್‌ನ ಮೊದಲ ನೀರು ತಲೆಯ ತಪ್ಪು. ಎರಡನೆಯದು ಇನ್ನೂ ಸ್ಪಷ್ಟ: ಸೇಡು ತೀರಿಸಿಕೊಳ್ಳಲು ಹೊಡೆದದ್ದು. ಅದು ನುಂಗಿದ ಎರಡು ಹೊಡೆತಗಳನ್ನು ಉಳಿಸಿಕೊಳ್ಳಲು ಒಂದೇ ಒಂದು ಚೆಂಡು ಅಭ್ಯಾಸ ಮಾಡಬೇಕಿಲ್ಲ, ಬ್ಯಾಗ್‌ನಿಂದ ಬೇರೆ ಕ್ಲಬ್ ತೆಗೆದಿದ್ದರೆ ಸಾಕಿತ್ತು.

ಎಲ್ಲವನ್ನೂ ಅದೃಷ್ಟದ ಖಾತೆಗೆ ಬರೆಯುವವರಿದ್ದಾರೆ, ಎಲ್ಲವನ್ನೂ ಕೈಯ ಖಾತೆಗೆ ಬರೆದುಕೊಂಡು ಸ್ವಿಂಗ್ ಕಿತ್ತುಹಾಕುವವರೂ ಇದ್ದಾರೆ. ಎರಡನೆಯವರೇ ಹೆಚ್ಚು ಕಷ್ಟಪಡುತ್ತಾರೆ.

ಹವಾಮಾನವನ್ನೂ ಒಂದು ಸಾಲಿನಲ್ಲಿ ಬರೆದಿಡಿ. 2002ರ ಬ್ರಿಟಿಷ್ ಓಪನ್‌ನಲ್ಲಿ, ಮ್ಯೂರ್‌ಫೀಲ್ಡ್‌ನ ಗಾಳಿ ಮಳೆಯ ಶನಿವಾರ ಟೈಗರ್ ವುಡ್ಸ್ 81 ಹೊಡೆದರು. ಮರುದಿನ ಅದೇ ಕೋರ್ಸ್‌ನಲ್ಲಿ 65. ಒಂದು ರಾತ್ರಿಯಲ್ಲಿ ಅವರ ಸ್ವಿಂಗ್ ಹೋಗಿ ಬಂದಿರಲಿಲ್ಲ. ಅದೇ ದಿನ ಆಡಿದ ಬೇರೆಯವರ ಸ್ಕೋರ್‌ಗಳೂ ಏರಿವೆಯೇ ನೋಡಿ.

5. ಹ್ಯಾಂಡಿಕ್ಯಾಪ್‌ಗೆ ಆದ ನಿಜವಾದ ಪೆಟ್ಟು

ಬಹಳಷ್ಟು ಸಂಕಟ ‘ನನ್ನ ಹ್ಯಾಂಡಿಕ್ಯಾಪ್ ಹೋಯಿತು’ ಎಂಬುದರಿಂದ ಬರುತ್ತದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ನಿಮ್ಮ ಕೊನೆಯ 20 ರೌಂಡ್‌ಗಳಲ್ಲಿ ಅತ್ಯುತ್ತಮ 8ರ ಸರಾಸರಿಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನಿನ್ನೆಯ 101 ಆ ಎಂಟರೊಳಗೆ ಬರುವುದೇ ಇಲ್ಲ. ಹ್ಯಾಂಡಿಕ್ಯಾಪ್ ಏರಿದ್ದರೆ ಕಾರಣ ಬೇರೆ: ಹೊಸ ಕಾರ್ಡ್ ಸೇರಿದಾಗ ಸಾಲಿನ ಕೊನೆಯಲ್ಲಿದ್ದ ಹಳೆಯ ಒಳ್ಳೆಯ ಸ್ಕೋರ್ ಒಂದು ಹೊರಗೆ ಹೋಗಿರುತ್ತದೆ. ನಿನ್ನೆ ಮಾಮೂಲಿಯಾಗಿ ಆಡಿದ್ದರೂ ಅದು ಹೊರಗೆ ಹೋಗುತ್ತಿತ್ತು.

ಜೊತೆಗೆ, ಪ್ರತಿ ಹೋಲ್‌ನ ಸ್ಕೋರ್‌ಗೂ ಮಿತಿ ಇದೆ: ಪಾರ್‌ಗೆ ಎರಡು ಸೇರಿಸಿ, ಆ ಹೋಲ್‌ನಲ್ಲಿ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ ಹೊಡೆತಗಳನ್ನೂ ಸೇರಿಸಿದಷ್ಟು. ಮೇಲಿನ ಆಟಗಾರನಿಗೆ ಪ್ರತಿ ಹೋಲ್‌ಗೂ ಒಂದು ಸಿಗುವುದರಿಂದ 8 ಇದ್ದದ್ದು 7, 7 ಇದ್ದದ್ದು 6, 9 ಇದ್ದದ್ದು 8 ಆಗಿ, ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ 101ರ ಬದಲು 98 ಹೋಗುತ್ತದೆ. ಕೆಟ್ಟ ಕಾರ್ಡ್ ದಾಖಲಿಸದೆ ಬಿಡುವುದು ತಪ್ಪಷ್ಟೇ ಅಲ್ಲ, ದಡ್ಡತನ ಕೂಡ. ಸುಳ್ಳು ಕಡಿಮೆ ಹ್ಯಾಂಡಿಕ್ಯಾಪ್ ಹೊತ್ತು ಮುಂದಿನ ಸ್ಪರ್ಧೆಗಳಲ್ಲಿ ಇನ್ನಷ್ಟು ಸೋಲುತ್ತೀರಿ.

ಹ್ಯಾಂಡಿಕ್ಯಾಪ್ ಎಂಬುದು ನಿಮ್ಮ ಒಳ್ಳೆಯ ದಿನಗಳ ಲೆಕ್ಕ ಎಂಬುದನ್ನೂ ಇಲ್ಲೇ ನೆನಪಿಡಬೇಕು. ಸಾಮಾನ್ಯ ದಿನದ ಸ್ಕೋರ್ ಅದಕ್ಕಿಂತ ಎರಡು ಮೂರು ಹೊಡೆತ ಮೇಲಿರುವುದೇ ಸಹಜ. ಪಟ್‌ಗಳ ವಿಷಯದಲ್ಲೂ ನಿರೀಕ್ಷೆ ಹೀಗೇ ಉಬ್ಬಿರುತ್ತದೆ. ಪಿಜಿಎ ಟೂರ್‌ನ ವೃತ್ತಿಪರರು ಎಂಟು ಅಡಿಯಿಂದ ಹಾಕುವುದು ಸುಮಾರು ಅರ್ಧದಷ್ಟನ್ನು ಮಾತ್ರ; ಇಪ್ಪತ್ತು ಅಡಿಯಿಂದ ಏಳರಲ್ಲಿ ಒಂದು. ಟಿವಿಯಲ್ಲಿ ತೋರಿಸುವುದು ಆ ವಾರ ಮುನ್ನಡೆಯಲ್ಲಿರುವವರ ಬಿದ್ದ ಪಟ್‌ಗಳನ್ನು. ಎಂಟು ಅಡಿಯ ಪಟ್ ತಪ್ಪಿದ್ದಕ್ಕೆ ಮೂರು ಹೋಲ್ ಕೊರಗುವವರು ಈ ಅಂಕಿಯನ್ನು ಯಾರ್ಡೇಜ್ (ಕೋರ್ಸ್‌ನ ದೂರಗಳ) ಪುಸ್ತಕದ ಒಳಗೆ ಬರೆದಿಟ್ಟುಕೊಳ್ಳಲಿ.

6. ಒಂದೇ ಅಭ್ಯಾಸ, ನಲವತ್ತೈದು ನಿಮಿಷ

‘ಕೈ’ ಎಂದು ಬರೆದವುಗಳಲ್ಲಿ ಹೆಚ್ಚು ಹೊಡೆತ ತಿಂದದ್ದನ್ನು ಒಂದನ್ನೇ ಆರಿಸಿ. ಸಮವಾಗಿದ್ದರೆ ಗ್ರೀನ್‌ಗೆ ಹತ್ತಿರದ್ದನ್ನು ಆರಿಸಿ, ಅದು ಬೇಗ ಸುಧಾರಿಸುತ್ತದೆ.

ಮೂರು ಪಟ್ ಸಮಸ್ಯೆಯಾದರೆ ಅದು ಹೆಚ್ಚಾಗಿ ದಿಕ್ಕಿನದಲ್ಲ, ದೂರದ ಅಂದಾಜಿನದು. 30, 40, 50 ಅಡಿಯಿಂದ ಮೂರು ಮೂರು ಚೆಂಡು ಹೊಡೆಯಿರಿ. ಕುಳಿಯ ಸುತ್ತ ಮೂರು ಅಡಿ ತ್ರಿಜ್ಯದ ಸುತ್ತನ್ನು ಟೀಗಳಿಂದ ಗುರುತಿಸಿ, ಒಂಬತ್ತರಲ್ಲಿ ಏಳು ಅದರೊಳಗೆ ನಿಲ್ಲುವವರೆಗೆ ಮುಂದುವರಿಸಿ. ಅಭ್ಯಾಸದ ಸ್ವಿಂಗ್ ಮಾಡುವಾಗ ಕಣ್ಣು ಚೆಂಡಿನ ಮೇಲಿರದೆ ಕುಳಿಯ ಮೇಲಿರಲಿ.

ಬಂಕರ್‌ನಲ್ಲಿ ಚೆಂಡು ಉಳಿಯುವುದಕ್ಕೆ ಎರಡು ಕಾರಣ: ಕ್ಲಬ್ ಚೆಂಡಿಗಿಂತ ತುಂಬ ಹಿಂದೆ ಮರಳಿಗೆ ಇಳಿಯುತ್ತದೆ, ಅಥವಾ ಹೆದರಿ ಸ್ವಿಂಗ್ ಅರ್ಧಕ್ಕೆ ನಿಲ್ಲುತ್ತದೆ. ಮರಳಲ್ಲಿ ಒಂದು ಉದ್ದ ಗೆರೆ ಎಳೆದು, ಚೆಂಡಿಲ್ಲದೆ ಆ ಗೆರೆಗೇ ಕ್ಲಬ್ ಇಳಿಸುತ್ತ ಮುಂದೆ ಸಾಗಿ. ಇಪ್ಪತ್ತು ಸಲದಲ್ಲಿ ಹದಿನೈದು ಸಲ ಮರಳಿನ ಗುರುತು ಗೆರೆಯಿಂದಲೇ ಶುರುವಾದರೆ, ಗೆರೆಯ ಐದು ಸೆಂಟಿಮೀಟರ್ ಮುಂದೆ ಚೆಂಡಿಟ್ಟು ಅದನ್ನೇ ಮಾಡಿ. ಕ್ಲಬ್‌ನ ಫೇಸ್ (ಚೆಂಡಿಗೆ ತಾಗುವ ಮುಖ) ತೆರೆದಿರಲಿ, ಸ್ವಿಂಗ್ ಪೂರ್ತಿ ಮುಗಿಯಲಿ. ನಿಯಮದ ಪ್ರಕಾರ ಆಡುವಾಗ ಬಂಕರ್‌ನಲ್ಲಿ ಮರಳು ಮುಟ್ಟಿ ಅಭ್ಯಾಸದ ಸ್ವಿಂಗ್ ಮಾಡುವಂತಿಲ್ಲ, ಆದ್ದರಿಂದ ಇದು ಅಭ್ಯಾಸದ ಬಂಕರ್‌ಗೆ ಮಾತ್ರ.

ಟೀಯಿಂದ ದಂಡ ಬಿದ್ದಿದ್ದರೆ ರೇಂಜ್‌ನಲ್ಲಿ 30 ಗಜ ಅಗಲದ ಫೇರ್‌ವೇ ಒಂದನ್ನು ಎರಡು ಗುರುತುಗಳ ನಡುವೆ ಕಲ್ಪಿಸಿಕೊಂಡು ಹತ್ತು ಡ್ರೈವರ್, ಹತ್ತು ಹೈಬ್ರಿಡ್ (ವುಡ್, ಐರನ್‌ಗಳ ನಡುವಿನ ಕ್ಲಬ್) ಹೊಡೆದು ಎಷ್ಟು ಒಳಗೆ ಎಂದು ಬರೆಯಿರಿ. ಅಂತರ ನಾಲ್ಕಕ್ಕಿಂತ ಹೆಚ್ಚಿದ್ದರೆ ಕಿರಿದಾದ ಹೋಲ್‌ಗಳಲ್ಲಿ ಹೈಬ್ರಿಡ್.

‘ತಲೆ’ ಎಂದು ಬರೆದ ತಪ್ಪುಗಳಿಗೆ ಅಭ್ಯಾಸ ಬೇಡ, ನಿಯಮ ಬೇಕು. ‘ನೀರಿಗೆ ಚೆಂಡು ಹೋದ ಮೇಲೆ ಮುಂದಿನ ಹೊಡೆತಕ್ಕೆ ಅದೇ ಕ್ಲಬ್ ಮುಟ್ಟುವುದಿಲ್ಲ’ ಎಂಬಂಥ ಒಂದು ಸಾಲನ್ನು ಕಾರ್ಡ್ ಮೇಲೆ ಬರೆದುಕೊಂಡು ಹೊರಡಿ.

7. ಮುಂದಿನ ರೌಂಡ್

ಸಾಧ್ಯವಾದರೆ ಮುಂದಿನದು ಒಂಬತ್ತೇ ಹೋಲ್ ಇರಲಿ, ಸ್ಪರ್ಧೆಯಾಗದಿರಲಿ. ಸ್ಕೋರ್ ಬದಲು ಎರಡೇ ವಿಷಯ ಎಣಿಸಿ: ಟೀಯಿಂದ ದಂಡ ಬೀಳದ ಹೋಲ್‌ಗಳೆಷ್ಟು, ಎರಡು ಪಟ್ ಅಥವಾ ಕಡಿಮೆಯಲ್ಲಿ ಮುಗಿದವೆಷ್ಟು.

ಕೆಟ್ಟ ಹೊಡೆತದ ನಂತರ ಹತ್ತು ಹೆಜ್ಜೆಯ ಕ್ರಮ ಇಟ್ಟುಕೊಳ್ಳಿ. ಹತ್ತು ಹೆಜ್ಜೆ ನಡೆಯುವವರೆಗೆ ಮನಸ್ಸಿನಲ್ಲಿ ಎಷ್ಟು ಬೇಕಾದರೂ ಬೈದುಕೊಳ್ಳಿ. ಹತ್ತನೆಯದಕ್ಕೆ ಗ್ಲವ್ ಬಿಚ್ಚಿ ಜೇಬಿಗೆ ಹಾಕಿ. ಮತ್ತೆ ಗ್ಲವ್ ಹಾಕುವುದು ಮುಂದಿನ ಹೊಡೆತಕ್ಕೆ ದೂರ ಅಳೆಯಲು ಶುರು ಮಾಡಿದಾಗ. ಮನಸ್ಸಿಗೆ ‘ಮರೆತುಬಿಡು’ ಎಂದು ಹೇಳಿದರೆ ಅದು ಕೇಳುವುದಿಲ್ಲ, ಕೈಗೆ ಒಂದು ಕೆಲಸ ಕೊಟ್ಟರೆ ಕೇಳುತ್ತದೆ. 2020ರ ಮಾಸ್ಟರ್ಸ್ ಕೊನೆಯ ದಿನ ವುಡ್ಸ್ 12ನೇ ಹೋಲ್‌ನಲ್ಲಿ, ಅದು ಪಾರ್ 3, ಮೂರು ಸಲ ನೀರಿಗೆ ಹೊಡೆದು 10 ಬರೆಸಿಕೊಂಡರು. ಆಮೇಲಿನ ಆರು ಹೋಲ್‌ಗಳಲ್ಲಿ ಐದು ಬರ್ಡಿ (ಪಾರ್‌ಗಿಂತ ಒಂದು ಕಡಿಮೆ). ಪ್ರಶಸ್ತಿಯ ಆಸೆ ಅಷ್ಟು ಹೊತ್ತಿಗೆ ಉಳಿದಿರಲಿಲ್ಲ, ಆದರೂ ಪ್ರತಿ ಹೊಡೆತದ ಮೊದಲಿನ ಅವರ ಸಿದ್ಧತೆ ಬದಲಾಗಲಿಲ್ಲ.

ನಿಮ್ಮ ಸಿದ್ಧತೆಯೂ ಒಂದೇ ಥರ ಇರಲಿ: ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಚೆಂಡಿನ ಮುಂದೆ ಒಂದೆರಡು ಅಡಿಯಲ್ಲಿ ಒಂದು ಹುಲ್ಲೆಸಳು ಗುರುತಿಸಿ, ಒಂದು ಉದ್ದ ಉಸಿರು ಬಿಟ್ಟು, ನಿಂತು ಹೊಡೆಯಿರಿ. ಸಿಟ್ಟಿನಲ್ಲಿರುವವರು ಈ ಹೊತ್ತನ್ನು ಅರ್ಧಕ್ಕೆ ಇಳಿಸುತ್ತಾರೆ. ಅವಸರದಿಂದಲೇ ಮುಷ್ಟಿ ಬಿಗಿಯುತ್ತದೆ, ಬಿಗಿದ ಮುಷ್ಟಿಯಿಂದ ಫೇಸ್ ಸಕಾಲಕ್ಕೆ ತಿರುಗದೆ ತೆರೆದೇ ಉಳಿಯುತ್ತದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಹೋಗುತ್ತದೆ.

8. ಸತತ ಮೂರು ನಾಲ್ಕು ರೌಂಡ್ ಕೆಟ್ಟರೆ

ಆಗ ಅದೃಷ್ಟದ ಖಾತೆ ಮುಚ್ಚಿ. ಮೊದಲು ಮೈ ನೋಡಿ: ಸೊಂಟ, ಮೊಣಕೈ, ಮಣಿಕಟ್ಟಿನ ನೋವು ಗೊತ್ತಾಗದ ಹಾಗೆ ಸ್ವಿಂಗ್ ಬದಲಿಸುತ್ತದೆ, ಅದಕ್ಕೆ ವೈದ್ಯರೇ ಬೇಕು. ನಂತರ ಗ್ರಿಪ್‌ಗಳು. ಸವೆದು ಹೊಳೆಯುವ ರಬ್ಬರ್ ಜಾರುವುದರಿಂದ ಕೈ ತಾನಾಗಿ ಬಿಗಿಯಾಗುತ್ತದೆ. ಆಮೇಲೆ ನಿಲುವು: ನೆಲದ ಮೇಲೆ ಒಂದು ಕೋಲನ್ನು ಗುರಿಯ ಕಡೆಗೆ, ಇನ್ನೊಂದನ್ನು ಕಾಲಬೆರಳುಗಳಿಗೆ ಸಮಾನಾಂತರವಾಗಿ ಇಟ್ಟು ನೋಡಿ. ಗುರಿಗಿಂತ ಇಪ್ಪತ್ತು ಗಜ ಬಲಕ್ಕೆ ಹೊಡೆಯುವ ಹಾಗೆ ನಿಂತುಕೊಂಡು, ಸ್ವಿಂಗ್ ಸರಿ ಇಲ್ಲ ಎಂದು ತಿಂಗಳುಗಟ್ಟಲೆ ಒದ್ದಾಡುವವರು ಸಾಕಷ್ಟಿದ್ದಾರೆ.

ಇವು ಮೂರೂ ಸರಿಯಿದ್ದರೆ ಕೋಚ್ ಬಳಿ ಹೋಗಿ. ‘ಎಲ್ಲ ಕೆಟ್ಟಿದೆ’ ಎನ್ನಬೇಡಿ, ಮೂರು ಕಾರ್ಡ್‌ಗಳ ಬಿಡಿಸಿದ ಹಾಳೆ ಕೊಡಿ. ಗಂಟೆಯ ಪಾಠದಲ್ಲಿ ಅರ್ಧ ಗಂಟೆ ಹುಡುಕಾಟ ಉಳಿಯುತ್ತದೆ.

ಆಟದ ಸಿಟ್ಟು ಮನೆಗೂ ಬರುತ್ತಿದ್ದರೆ, ರಾತ್ರಿಗಳ ನಿದ್ದೆ ಕೆಡಿಸುತ್ತಿದ್ದರೆ, ಟೀಗೆ ಹೋಗುವ ಮುಂಚೆಯೇ ಎದೆ ಬಡಿದುಕೊಳ್ಳುತ್ತಿದ್ದರೆ ಎರಡು ಮೂರು ವಾರ ಕ್ಲಬ್ ಮುಟ್ಟಬೇಡಿ. ಬಿಡುವಿನ ನಂತರವೂ ಅದು ಇಳಿಯದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅಂಥ ಸಂದರ್ಭದಲ್ಲಿ ಮೂಲ ಕಾರಣ ಗಾಲ್ಫ್‌ನ ಹೊರಗೆ ಇರುವುದೂ ಉಂಟು.